ಕಾಣದ ಶಾಖವನ್ನು ಅಳೆದ ವಿಲಿಯಂ ಹರ್ಷೆಲ್

ದೊಡ್ಡ ಕಾರ್ಖಾನೆಗಳಲ್ಲಿ, ಆಸ್ಪತ್ರೆಗಳಲ್ಲಿ, ವಿದ್ಯುತ್ ಉಪಕೇಂದ್ರಗಳಲ್ಲಿ ಆಗಾಗ್ಗೆ ಒಬ್ಬ ತಂತ್ರಜ್ಞ ಕೈಯಲ್ಲಿ ಕ್ಯಾಮೆರಾ ಹಿಡಿದು ಪ್ಯಾನೆಲ್ ಬೋರ್ಡುಗಳನ್ನು ಒಂದೊಂದಾಗಿ ನೋಡುತ್ತಾ ಹೋಗುತ್ತಾನೆ. ಆತ ಯಾವ ತಂತಿಯನ್ನೂ ಮುಟ್ಟುವುದಿಲ್ಲ. ಕರೆಂಟನ್ನೂ ನಿಲ್ಲಿಸುವುದಿಲ್ಲ. ಕ್ಯಾಮೆರಾದ ಪರದೆಯ ಮೇಲೆ ನೀಲಿ ಬಣ್ಣದ ನಡುವೆ ಒಂದು ಕಡೆ ಹಳದಿಯೋ ಬಿಳಿಯೋ ಆದ ಚುಕ್ಕೆ ಕಂಡರೆ ಅದನ್ನು ಬರೆದುಕೊಳ್ಳುತ್ತಾನೆ. ಹೊರನೋಟಕ್ಕೆ ಸರಿಯಾಗಿಯೇ ಇರುವ ಆ ಜೋಡಣೆ ಬಿಸಿಯಾಗುತ್ತಿದೆ, ಹಾಗೆಯೇ ಬಿಟ್ಟರೆ ಮುಂದೊಂದು ದಿನ ಸುಟ್ಟುಹೋಗಬಹುದು ಎಂದು ಅದರ ಅರ್ಥ. ಈ ವಿಧಾನಕ್ಕೆ ಥರ್ಮಲ್ ಇಮೇಜಿಂಗ್ ಅಥವಾ ಉಷ್ಣಚಿತ್ರಣ ಎಂದು ಹೆಸರು.

ಈ ಕ್ಯಾಮೆರಾ ಹಿಡಿಯುವುದು ನಮ್ಮ ಕಣ್ಣಿಗೆ ಕಾಣುವ ಬೆಳಕನ್ನಲ್ಲ, ಬಿಸಿ ವಸ್ತುಗಳಿಂದ ಹೊರಡುವ ಅವಕೆಂಪು ಕಿರಣಗಳನ್ನು. ಉರ್ದುವಿನಲ್ಲಿ ಇವನ್ನು ಝೇರೀನ್ ಸುರ್ಖ್ ಎನ್ನುತ್ತೇವೆ. ಎರಡು ಭಾಷೆಗಳಲ್ಲೂ ಅರ್ಥ ಒಂದೇ, ಕೆಂಪಿಗಿಂತ ಕೆಳಗಿನದು. ಇಂತಹ ಕಿರಣಗಳಿವೆ ಎಂದು 1800ರಲ್ಲಿ ಮೊದಲ ಬಾರಿಗೆ ಅಳತೆ ಮಾಡಿ ತೋರಿಸಿದವರು ಸರ್ ವಿಲಿಯಂ ಹರ್ಷೆಲ್. ಅವರು ವಿದ್ಯುತ್ ತಜ್ಞರಲ್ಲ, ವಿದ್ಯಾರ್ಥಿಯಾಗಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರೂ ಅಲ್ಲ. ಹೊಟ್ಟೆಪಾಡಿಗಾಗಿ ಮನೆಮನೆಗೆ ಹೋಗಿ ಸಂಗೀತ ಕಲಿಸುತ್ತಿದ್ದ ಒಬ್ಬ ಮೇಷ್ಟ್ರು. ಅವರ ಬದುಕನ್ನು, ಅವರ ಒಂದು ಅಳತೆ ಇಂದು ನಮ್ಮ ಕಟ್ಟಡಗಳನ್ನು ಬೆಂಕಿಯಿಂದ ಕಾಪಾಡುವ ಸಾಧನವಾದ ಬಗೆಯನ್ನು ವಿದ್ಯಾರ್ಥಿಗಳು ತಿಳಿಯಬೇಕಾದುದು ಅಗತ್ಯ.

ಬಾಲ್ಯ ಮತ್ತು ಪರದೇಶ

ವಿಲಿಯಂ ಹರ್ಷೆಲ್ 1738ರ ನವೆಂಬರ್ 15ರಂದು ಜರ್ಮನಿಯ ಹ್ಯಾನೋವರ್ ನಗರದಲ್ಲಿ ಜನಿಸಿದರು. ತಂದೆ ಐಸಾಕ್ ಸೈನ್ಯದ ವಾದ್ಯವೃಂದದಲ್ಲಿ ಓಬೋ ಎಂಬ ಊದುವ ವಾದ್ಯ ನುಡಿಸುತ್ತಿದ್ದರು. ಮನೆಯಲ್ಲಿ ಮಕ್ಕಳು ಹೆಚ್ಚು, ವರಮಾನ ಕಡಿಮೆ. ಆದರೂ ತಂದೆ ಮಕ್ಕಳಿಗೆ ಸಂಗೀತವನ್ನು ತಪ್ಪದೆ ಕಲಿಸಿದರು, ರಾತ್ರಿ ಆಕಾಶದ ನಕ್ಷತ್ರಗಳನ್ನು ತೋರಿಸಿದರು. ವಿಲಿಯಂ 14ನೆಯ ವಯಸ್ಸಿಗೇ ತಂದೆಯ ವಾದ್ಯವೃಂದವನ್ನು ಸೇರಿ ದುಡಿಯತೊಡಗಿದರು.

ಆ ಕಾಲದಲ್ಲಿ ಇಂಗ್ಲೆಂಡಿಗೂ ಹ್ಯಾನೋವರಿಗೂ ಒಬ್ಬನೇ ರಾಜ. 1757ರಲ್ಲಿ ಫ್ರೆಂಚರ ಎದುರು ನಡೆದ ಹಾಸ್ಟೆನ್‌ಬೆಕ್ ಯುದ್ಧದಲ್ಲಿ ಹ್ಯಾನೋವರಿನ ಪಡೆ ಸೋತಿತು. ಅದೇ ವರ್ಷ ವಿಲಿಯಂ ಅಣ್ಣ ಯಾಕೋಬ್ ಜೊತೆ ಇಂಗ್ಲೆಂಡಿಗೆ ಹೋದರು. ಆಗ ಅವರಿಗೆ ಇನ್ನೂ 19 ತುಂಬುತ್ತಿತ್ತು. ಲಂಡನ್ನಿನಲ್ಲಿ ಇತರರ ಸಂಗೀತದ ಹಾಳೆಗಳನ್ನು ನಕಲು ಮಾಡಿ ಹೊಟ್ಟೆ ಹೊರೆದರು. ನಂತರ ಊರಿಂದೂರಿಗೆ ಅಲೆದು ಪಾಠ ಹೇಳಿದರು, ವಾದ್ಯವೃಂದ ನಡೆಸಿದರು, ಸ್ವತಃ ಸಂಗೀತ ಕೃತಿಗಳನ್ನು ರಚಿಸಿದರು. 1766ರಲ್ಲಿ ಬಾತ್ ಎಂಬ ಊರಿನ ಹೊಸ ಪ್ರಾರ್ಥನಾ ಮಂದಿರದಲ್ಲಿ ಆರ್ಗನ್ ನುಡಿಸುವ ಕೆಲಸ ಸಿಕ್ಕಿತು. ಆಮೇಲೆಯೇ ಬದುಕು ಒಂದು ದಾರಿಗೆ ಬಂದದ್ದು.

ತಂಗಿ ಕ್ಯಾರೊಲಿನ್

ಹರ್ಷೆಲ್ ಅವರ ಕಥೆಯನ್ನು ತಂಗಿ ಕ್ಯಾರೊಲಿನ್ ಅವರನ್ನು ಬಿಟ್ಟು ಹೇಳಲಾಗದು. ಅವರು ಅಣ್ಣನಿಗಿಂತ 11 ವರ್ಷ ಚಿಕ್ಕವರು. ಬಾಲ್ಯದಲ್ಲಿ ಟೈಫಸ್ ಜ್ವರ ಬಂದು ಬೆಳವಣಿಗೆ ಕುಂಠಿತವಾಯಿತು, ಎತ್ತರ 4 ಅಡಿಯ ಆಸುಪಾಸಿಗೇ ನಿಂತಿತು. ಇವಳಿಗೆ ಮದುವೆಯಾಗದು, ಮನೆಗೆಲಸ ಮಾಡಿಕೊಂಡಿರಲಿ ಎಂಬುದು ಮನೆಯವರ ಎಣಿಕೆ. ಹೆಣ್ಣುಮಗಳಿಗೆ ಓದು ಬೇಡ ಎಂಬ ತಾಯಿಯ ಹಟ ಬೇರೆ. 1772ರಲ್ಲಿ ವಿಲಿಯಂ ಊರಿಗೆ ಬಂದು ತಂಗಿಯನ್ನು ಬಾತ್ ನಗರಕ್ಕೆ ಕರೆದೊಯ್ದರು. ಮನೆಗೆಲಸಕ್ಕೆ ಬೇರೆ ಆಳನ್ನು ಇಟ್ಟುಕೊಳ್ಳಲು ತಾಯಿಗೆ ಹಣ ಕೊಡುವ ಏರ್ಪಾಡು ಮಾಡಿದ ಮೇಲೆಯೇ ತಾಯಿ ಒಪ್ಪಿದ್ದು.

ಇಂಗ್ಲೆಂಡಿನಲ್ಲಿ ಅಣ್ಣ ತಂಗಿಗೆ ಇಂಗ್ಲಿಷ್, ಲೆಕ್ಕ, ಹಾಡುಗಾರಿಕೆ ಕಲಿಸಿದರು. ಪಾಠಕ್ಕೆ ಬೇರೆ ಸಮಯವಿಲ್ಲದೆ ಎಷ್ಟೋ ಸಲ ಊಟದ ಮೇಜೇ ತರಗತಿಯಾಗುತ್ತಿತ್ತು. ಹೀಗೆ ಕಲಿತ ಆ ಹೆಣ್ಣುಮಗಳು ಮುಂದೆ 8 ಧೂಮಕೇತುಗಳನ್ನು ಕಂಡುಹಿಡಿದರು. 1787ರಿಂದ ರಾಜನ ಬೊಕ್ಕಸದಿಂದ ವರ್ಷಕ್ಕೆ 50 ಪೌಂಡ್ ಸಂಬಳ ಪಡೆದರು. 1828ರಲ್ಲಿ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಚಿನ್ನದ ಪದಕ ಅವರಿಗೆ ಸಂದಿತು. ಒಂದು ಮನೆಯ ಹೆಣ್ಣುಮಗಳಿಗೆ ಕಲಿಯುವ ಅವಕಾಶ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮನೆಯೇ ಕಾರ್ಖಾನೆ

ಸಂಗೀತದ ಶಾಸ್ತ್ರ ತಿಳಿಯಲು ಹರ್ಷೆಲ್ ಗಣಿತ ಓದಿದರು. ಗಣಿತದಿಂದ ಬೆಳಕಿನ ಶಾಸ್ತ್ರಕ್ಕೆ, ಅಲ್ಲಿಂದ ಖಗೋಳಕ್ಕೆ ಬಂದರು. 1773ರಲ್ಲಿ, ಸುಮಾರು 35ರ ವಯಸ್ಸಿನಲ್ಲಿ, ದೂರದರ್ಶಕ ಮಾಡುವ ಆಸೆ ಹತ್ತಿತು. ಒಳ್ಳೆಯ ದೂರದರ್ಶಕ ಕೊಳ್ಳಲು ಹಣ ಸಾಲದು. ಹಾಗಾಗಿ ತಾಮ್ರ ಮತ್ತು ತವರದ ಮಿಶ್ರಲೋಹವನ್ನು ಕರಗಿಸಿ, ಎರಕ ಹೊಯ್ದು, ತಿಕ್ಕಿ, ಹೊಳಪು ಕೊಟ್ಟು ತಾವೇ ಕನ್ನಡಿ ತಯಾರಿಸತೊಡಗಿದರು. ಹಗಲೆಲ್ಲಾ ಸಂಗೀತ ಪಾಠ, ಉಳಿದ ಹೊತ್ತೆಲ್ಲಾ ಕನ್ನಡಿ. ಎರಕದ ಅಚ್ಚಿಗಾಗಿ ಕ್ಯಾರೊಲಿನ್ ಕುದುರೆ ಲದ್ದಿಯನ್ನು ಕುಟ್ಟಿ ಜರಡಿ ಹಿಡಿಯುತ್ತಿದ್ದರು. ಹೊಳಪು ಕೊಡುವಾಗ ಕೈ ನಿಲ್ಲಿಸಿದರೆ ಕನ್ನಡಿ ಕೆಡುತ್ತದೆ. ಒಮ್ಮೆ ಹರ್ಷೆಲ್ 16 ಗಂಟೆ ಕೈ ತೆಗೆಯದೆ ದುಡಿದಾಗ ತಂಗಿಯೇ ಬಾಯಿಗೆ ತುತ್ತು ಇಟ್ಟರು. 1781ರಲ್ಲಿ ದೊಡ್ಡ ಕನ್ನಡಿಯೊಂದನ್ನು ಎರಕ ಹೊಯ್ಯುವಾಗ ಕಾದ ಲೋಹ ಸೋರಿ ನೆಲದ ಮೇಲೆ ಹರಿಯಿತು, ಹಾಸುಗಲ್ಲುಗಳು ಸಿಡಿದು ಹಾರಿದವು. ಕೆಲಸಗಾರರೊಂದಿಗೆ ಹರ್ಷೆಲ್ ಓಡಿ ಜೀವ ಉಳಿಸಿಕೊಂಡರು.

ಅದೇ ವರ್ಷ ಮಾರ್ಚ್ 13ರ ರಾತ್ರಿ ಸ್ವಂತ ದೂರದರ್ಶಕದಲ್ಲಿ ಆಕಾಶವನ್ನು ಕ್ರಮವಾಗಿ ಶೋಧಿಸುತ್ತಿದ್ದಾಗ, ಚುಕ್ಕೆಯಂತಿರದೆ ಪುಟ್ಟ ತಟ್ಟೆಯಂತಿದ್ದ ಒಂದು ಕಾಯ ಕಂಡಿತು. ಅವರು ಅದನ್ನು ಧೂಮಕೇತು ಎಂದುಕೊಂಡರು. ಇತರ ವಿಜ್ಞಾನಿಗಳು ಅದರ ಪಥವನ್ನು ಲೆಕ್ಕ ಹಾಕಿ ಅದು ಶನಿಯಾಚೆಯ ಹೊಸ ಗ್ರಹವೆಂದು ತೋರಿಸಿದರು. ಅದೇ ಯುರೇನಸ್. ಪ್ರಾಚೀನ ಕಾಲದಿಂದ ತಿಳಿದಿದ್ದ ಗ್ರಹಗಳ ಪಟ್ಟಿಗೆ ಸೇರಿದ ಮೊದಲ ಹೊಸ ಹೆಸರು ಅದು. ರಾಯಲ್ ಸೊಸೈಟಿ ಕಾಪ್ಲೆ ಪದಕ ನೀಡಿ ತನ್ನ ಸದಸ್ಯರನ್ನಾಗಿ ಮಾಡಿಕೊಂಡಿತು. ದೊರೆ ಮೂರನೆಯ ಜಾರ್ಜ್ 1782ರಲ್ಲಿ ವರ್ಷಕ್ಕೆ 200 ಪೌಂಡ್ ವೇತನ ಗೊತ್ತು ಮಾಡಿದನು. ಸಂಗೀತದಿಂದ ಬರುತ್ತಿದ್ದ ವರಮಾನಕ್ಕಿಂತ ಅದು ಕಡಿಮೆ. ಆದರೂ ಹರ್ಷೆಲ್ ಸಂಗೀತದ ವೃತ್ತಿಯನ್ನು ಬಿಟ್ಟು, ದೂರದರ್ಶಕಗಳನ್ನು ಮಾಡಿ ಮಾರಿ ಖರ್ಚು ಸರಿದೂಗಿಸಿಕೊಂಡರು. 1786ರಲ್ಲಿ ಸ್ಲೌ ಎಂಬ ಊರಿನಲ್ಲಿ ನೆಲೆಸಿದರು, 1788ರಲ್ಲಿ ಮೇರಿ ಪಿಟ್ ಅವರನ್ನು ಮದುವೆಯಾದರು. 1789ರಲ್ಲಿ 4 ಅಡಿ ಅಗಲದ ಕನ್ನಡಿಯುಳ್ಳ, 40 ಅಡಿ ಉದ್ದದ ದೂರದರ್ಶಕವನ್ನು ನಿಲ್ಲಿಸಿದರು. ಆ ಕಾಲಕ್ಕೆ ಅದು ಜಗತ್ತಿನಲ್ಲೇ ದೊಡ್ಡದು.

1800ರ ಪ್ರಯೋಗ

ಹರ್ಷೆಲ್ ಅವರಿಗೆ 61 ವರ್ಷವಾಗಿದ್ದಾಗ ಸೂರ್ಯನನ್ನು ನೋಡುವ ಕೆಲಸದಲ್ಲಿ ಒಂದು ತೊಂದರೆ ಎದುರಾಯಿತು. ದೂರದರ್ಶಕದಲ್ಲಿ ಸೂರ್ಯನನ್ನು ನೋಡಲು ಬಣ್ಣದ ಗಾಜುಗಳನ್ನು ಅಡ್ಡ ಹಿಡಿಯಬೇಕು. ಕೆಲವು ಗಾಜುಗಳನ್ನು ಹಿಡಿದಾಗ ಬೆಳಕು ಕಡಿಮೆಯಿದ್ದರೂ ಕಣ್ಣಿಗೆ ಶಾಖ ತಟ್ಟುತ್ತಿತ್ತು. ಬೇರೆ ಕೆಲವನ್ನು ಹಿಡಿದಾಗ ಬೆಳಕು ಹೆಚ್ಚಿದ್ದರೂ ಶಾಖವಿರುತ್ತಿರಲಿಲ್ಲ. ಹಾಗಾದರೆ ಎಲ್ಲ ಬಣ್ಣಗಳೂ ಒಂದೇ ಪ್ರಮಾಣದ ಶಾಖವನ್ನು ತರುವುದಿಲ್ಲವೇ? ಇದನ್ನು ಊಹೆಗೆ ಬಿಡದೆ ಅಳೆದೇ ನೋಡಬೇಕೆಂದು ಅವರು ನಿಶ್ಚಯಿಸಿದರು.

ಕಿಟಕಿಯಿಂದ ಬರುವ ಬಿಸಿಲಿಗೆ ಪ್ರಿಸಂ ಇಟ್ಟು, ಮೇಜಿನ ಮೇಲೆ ಏಳು ಬಣ್ಣಗಳ ಪಟ್ಟಿ ಬೀಳುವಂತೆ ಮಾಡಿದರು. ರಟ್ಟಿನಲ್ಲಿ ಸೀಳು ಮಾಡಿ ಒಂದು ಸಲಕ್ಕೆ ಒಂದೇ ಬಣ್ಣ ಹಾಯುವಂತೆ ಏರ್ಪಡಿಸಿದರು. ಶಾಖವನ್ನು ಚೆನ್ನಾಗಿ ಹೀರಲಿ ಎಂದು ಉಷ್ಣಮಾಪಕದ ಬುರುಡೆಗೆ ಕಪ್ಪು ಬಳಿದರು. ಒಂದು ಉಷ್ಣಮಾಪಕವನ್ನು ಬಣ್ಣದಲ್ಲಿಯೂ, ಕೋಣೆಯ ಶಾಖ ತಿಳಿಯಲು ಇನ್ನುಳಿದವನ್ನು ಬಣ್ಣದ ಹೊರಗೂ ಇಟ್ಟರು. ನೇರಳೆ ಬಣ್ಣದಲ್ಲಿ ಪಾದರಸ 2 ಡಿಗ್ರಿ ಫ್ಯಾರನ್‌ಹೀಟ್ ಏರಿತು. ಹಸಿರಿನಲ್ಲಿ 3 ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಕೆಂಪಿನಲ್ಲಿ ಸುಮಾರು 7 ಡಿಗ್ರಿ ಏರಿತು. ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಇವು 1ರಿಂದ 4 ಡಿಗ್ರಿಯೊಳಗಿನ ಸಣ್ಣ ಏರಿಕೆಗಳು. ಹೊರಗಿಟ್ಟ ಉಷ್ಣಮಾಪಕಗಳು ಪಕ್ಕದಲ್ಲಿರದಿದ್ದರೆ ಇಷ್ಟು ಚಿಕ್ಕ ವ್ಯತ್ಯಾಸವನ್ನು ನಂಬುವಂತಿರಲಿಲ್ಲ.

ಆಕಸ್ಮಿಕವಾಗಿ ಬಣ್ಣದ ಹೊರಗೆ ಉಳಿದ ಉಷ್ಣಮಾಪಕ ಬಿಸಿಯಾಗಿದ್ದರಿಂದ ಈ ಸಂಶೋಧನೆ ನಡೆಯಿತು ಎಂದು ಕೆಲವು ಪುಸ್ತಕಗಳಲ್ಲಿ ಓದುತ್ತೇವೆ. ಅವರ ಪ್ರಬಂಧಗಳಲ್ಲಿರುವುದು ಇದಕ್ಕಿಂತ ಹೆಚ್ಚು ಪಾಠ ಕಲಿಸುವ ವಿಷಯ. ಅಳತೆ ನೇರಳೆಯಿಂದ ಕೆಂಪಿನ ಕಡೆಗೆ ಏರುತ್ತಲೇ ಹೋಗಿತ್ತು. ಕೆಂಪು ಮುಗಿದ ಕಡೆ ಬೆಳಕು ಮುಗಿಯುತ್ತದೆ, ಶಾಖವೂ ಅಲ್ಲಿಗೇ ಮುಗಿಯಬೇಕೆಂಬ ನಿಯಮವೇನಿದೆ ಎಂಬ ಅನುಮಾನ ಅವರಿಗೆ ಬಂತು. ಬೇಕೆಂದೇ ಉಷ್ಣಮಾಪಕವನ್ನು ಕೆಂಪಿನ ಅಂಚಿನಿಂದಾಚೆ, ಏನೂ ಕಾಣದ ಜಾಗಕ್ಕೆ ಸರಿಸಿದರು. ಪಾದರಸ ಅಲ್ಲಿಯೂ ಏರಿತು. ಎಲ್ಲಕ್ಕಿಂತ ಹೆಚ್ಚು ಶಾಖ ಇದ್ದದ್ದು ಕೆಂಪಿನಾಚೆಯ ಆ ಕತ್ತಲೆಯಲ್ಲೇ. ನೇರಳೆಯ ಆಚೆ ಇಟ್ಟಾಗ ಮಾತ್ರ ಏರಿಕೆ ಕಾಣಲಿಲ್ಲ.

ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಮೇಣದಬತ್ತಿ, ಕುಲುಮೆಯ ಬೆಂಕಿ, ಕಾಯಿಸಿದ ಕಬ್ಬಿಣ ಇವುಗಳಿಂದಲೂ ಇಂತಹ ಶಾಖದ ಕಿರಣ ಹೊರಡುತ್ತದೆಯೇ ಎಂದು ಪರೀಕ್ಷಿಸಿದರು. ಅವು ಕನ್ನಡಿಯಿಂದ ಪ್ರತಿಫಲಿಸುತ್ತವೆ, ಮಸೂರದಲ್ಲಿ ಬಾಗುತ್ತವೆ, ಕೆಲವು ವಸ್ತುಗಳಲ್ಲಿ ಹಾಯುತ್ತವೆ, ಕೆಲವುಗಳಲ್ಲಿ ಹೀರಲ್ಪಡುತ್ತವೆ ಎಂದು ಅಳೆದರು. ಇವೆಲ್ಲವೂ 1800ರ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ನಾಲ್ಕು ಪ್ರಬಂಧಗಳಾಗಿ ಅಚ್ಚಾದವು. ಅದೇ ಪತ್ರಿಕೆಯ ಅದೇ ಸಂಪುಟದಲ್ಲಿ ಇಟಲಿಯ ವೋಲ್ಟಾ ಮೊದಲ ವಿದ್ಯುತ್ ಬ್ಯಾಟರಿಯ ವಿವರವನ್ನು ಪ್ರಕಟಿಸಿದರು. ವಿದ್ಯುತ್ತಿನ ನಿರಂತರ ಪ್ರವಾಹವೂ, ವಿದ್ಯುತ್ ಜೋಡಣೆಯ ದೋಷವನ್ನು ಮುಂದೆ ತೋರಿಸಿಕೊಡಲಿದ್ದ ಕಿರಣವೂ ಒಂದೇ ವರ್ಷ ಲೋಕಕ್ಕೆ ತಿಳಿದವು. ಎರಡಕ್ಕೂ ಸಂಬಂಧವಿದೆ ಎಂದು ಆಗ ಯಾರೂ ಎಣಿಸಿರಲಿಲ್ಲ.

ವಿವರಣೆ ತಪ್ಪಿತು, ಅಳತೆ ಉಳಿಯಿತು

ಹರ್ಷೆಲ್ ಮೊದಲು ಬೆಳಕು ಮತ್ತು ಶಾಖದ ಕಿರಣ ಒಂದೇ ಜಾತಿಯವು ಎಂದು ಭಾವಿಸಿದರು. ಇದು ಸರಿಯಾದ ದಾರಿ. ಆದರೆ ಗಾಜಿನಲ್ಲಿ ಬೆಳಕು ಹಾಯುವ ಪ್ರಮಾಣಕ್ಕೂ ಶಾಖ ಹಾಯುವ ಪ್ರಮಾಣಕ್ಕೂ ತಾಳೆಯಾಗದಿದ್ದಾಗ, ಕೊನೆಯ ಪ್ರಬಂಧದಲ್ಲಿ ಅವೆರಡೂ ಬೇರೆ ಬೇರೆ ಎಂಬ ತೀರ್ಮಾನಕ್ಕೆ ಬಂದರು. ಅದು ತಪ್ಪು. ಬೆಳಕೂ ಅವಕೆಂಪೂ ಒಂದೇ ಬಗೆಯ ಅಲೆಗಳು, ಅಲೆಯ ಉದ್ದ ಮಾತ್ರ ಬೇರೆ ಎಂಬುದು 19ನೆಯ ಶತಮಾನದಲ್ಲಿ ಸ್ಥಿರಪಟ್ಟಿತು. ಕೆಂಪಿನಾಚೆ ಅತಿ ಹೆಚ್ಚು ಶಾಖ ಕಂಡದ್ದಕ್ಕೂ ಮುಂದೆ ಕಾರಣ ತಿಳಿಯಿತು. ಗಾಜಿನ ಪ್ರಿಸಂ ನೇರಳೆಯ ಕಡೆಯ ಬಣ್ಣಗಳನ್ನು ಅಗಲವಾಗಿ ಹರಡುತ್ತದೆ, ಕೆಂಪಿನ ಕಡೆಯವನ್ನು ಒತ್ತೊತ್ತಾಗಿ ಕೂಡಿಸುತ್ತದೆ. ಹೀಗಾಗಿ ಉಷ್ಣಮಾಪಕದ ಬುರುಡೆಯ ಮೇಲೆ ಆ ಕಡೆ ಹೆಚ್ಚು ಕಿರಣಗಳು ಬೀಳುತ್ತವೆ.

ವಿರೋಧವೂ ಬಂತು. ಸ್ಕಾಟ್ಲೆಂಡಿನ ಜಾನ್ ಲೆಸ್ಲಿ ಕಾಣದ ಕಿರಣಗಳನ್ನೇ ಒಪ್ಪಲಿಲ್ಲ. ಹೆನ್ರಿ ಎಂಗಲ್‌ಫೀಲ್ಡ್ ಪ್ರಯೋಗವನ್ನು ಮತ್ತೆ ಮಾಡಿ ನೋಡಿದಾಗ ಹರ್ಷೆಲ್ ಅಳತೆಯೇ ಸರಿಯೆಂದು ತಿಳಿಯಿತು. ಆದರೆ ಲೆಸ್ಲಿ ಅವರೂ ವಿಜ್ಞಾನಕ್ಕೆ ಕೊಡುಗೆ ಕೊಟ್ಟವರೇ. ಒಂದೇ ಬಿಸಿಯ ಎರಡು ಮೈಗಳಲ್ಲಿ ಕಪ್ಪು ಮೈ ಹೆಚ್ಚು ಶಾಖವನ್ನು ಹೊರಸೂಸುತ್ತದೆ, ಹೊಳೆಯುವ ಲೋಹದ ಮೈ ಬಹಳ ಕಡಿಮೆ ಹೊರಸೂಸುತ್ತದೆ ಎಂದು ಅವರು 1804ರಲ್ಲಿ ತೋರಿಸಿದರು. ಥರ್ಮಲ್ ಕ್ಯಾಮೆರಾ ಹಿಡಿಯುವ ಪ್ರತಿಯೊಬ್ಬ ತಂತ್ರಜ್ಞನೂ ಈ ಇಬ್ಬರ ಮಾತನ್ನೂ ನೆನಪಿಡಬೇಕಾಗುತ್ತದೆ.

ಉಷ್ಣಮಾಪಕದಿಂದ ಕ್ಯಾಮೆರಾದವರೆಗೆ

ಅಪ್ಪನ ಕೆಲಸವನ್ನು ಮಗ ಜಾನ್ ಹರ್ಷೆಲ್ ಮುಂದುವರಿಸಿದರು. ಮಸಿ ಹಿಡಿಸಿದ ತೆಳು ಕಾಗದವನ್ನು ಆಲ್ಕೊಹಾಲಿನಲ್ಲಿ ನೆನೆಸಿ ಅದರ ಮೇಲೆ ವರ್ಣಪಟಲ ಬೀಳಿಸಿದಾಗ, ಶಾಖ ಬಿದ್ದ ಕಡೆ ಬೇಗ ಒಣಗಿ ಗುರುತು ಮೂಡಿತು. 1840ರ ಈ ಗುರುತೇ ಶಾಖದ ಮೊದಲ ಚಿತ್ರ. 1830ರ ದಶಕದಲ್ಲಿ ಇಟಲಿಯ ಮೆಲ್ಲೋನಿ ಉಷ್ಣಮಾಪಕಕ್ಕಿಂತ ಬಹಳ ಸೂಕ್ಷ್ಮವಾದ ಥರ್ಮೋಪೈಲನ್ನು ಬಳಸಿದರು. 1880ರ ಸುಮಾರಿಗೆ ಅಮೆರಿಕದ ಲ್ಯಾಂಗ್ಲಿ ಬೋಲೋಮೀಟರ್ ತಯಾರಿಸಿದರು. ತೆಳುವಾದ ಲೋಹದ ಪಟ್ಟಿಯ ಮೇಲೆ ಕಿರಣ ಬಿದ್ದು ಬಿಸಿಯಾದಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯಿಂದ ಶಾಖವನ್ನು ತಿಳಿಯುವುದು ಇದರ ತತ್ವ.

ವಿದ್ಯುತ್ ಮಾರ್ಗಗಳ ಪರೀಕ್ಷೆಗೆಂದು ಮಾರಾಟಕ್ಕೆ ಬಂದ ಮೊದಲ ಉಷ್ಣಚಿತ್ರಣ ಯಂತ್ರವನ್ನು 1965ರಲ್ಲಿ ಸ್ವೀಡನ್ನಿನ ಅಗಾ ಕಂಪನಿ ತಯಾರಿಸಿತು. ಕ್ಯಾಮೆರಾವೇ ಸುಮಾರು 25 ಕಿಲೋ ತೂಗುತ್ತಿತ್ತು. ಅದನ್ನು ತಣ್ಣಗಿಡಲು ದ್ರವ ಸಾರಜನಕ ಬೇಕಿತ್ತು, ಜೊತೆಗೆ ಪರದೆಯ ಯಂತ್ರ, ಜನರೇಟರ್ ಬೇರೆ. 1990ರ ದಶಕದಲ್ಲಿ ಸಾವಿರಾರು ಅತಿಸಣ್ಣ ಬೋಲೋಮೀಟರುಗಳನ್ನು ಒಂದೇ ಚಿಪ್ಪಿನ ಮೇಲೆ ಕೂಡಿಸಿದ, ತಣ್ಣಗಾಗಿಸುವ ಅಗತ್ಯವಿಲ್ಲದ ಕ್ಯಾಮೆರಾ ಬಳಕೆಗೆ ಬಂತು. ಈಗ ಮೊಬೈಲಿಗೆ ಸಿಕ್ಕಿಸುವಷ್ಟು ಚಿಕ್ಕ ಥರ್ಮಲ್ ಕ್ಯಾಮೆರಾಗಳೂ ಸಿಗುತ್ತವೆ.

ಫ್ಯೂಸ್ ಕಾಣದ ಅಪಾಯ

ಇನ್ನು ಈ ಕ್ಯಾಮೆರಾ ನಮಗೇಕೆ ಬೇಕು ಎಂಬುದನ್ನು ನೋಡೋಣ. ತಂತಿಯಲ್ಲಿ ಹುಟ್ಟುವ ಶಾಖ ಎಷ್ಟು ಎಂಬ ನಿಯಮವನ್ನು 1840ರ ಹೊತ್ತಿಗೆ ಇಂಗ್ಲೆಂಡಿನ ಜೌಲ್ ಕಂಡುಹಿಡಿದರು. ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದರೆ ಶಾಖದ ಪ್ರಮಾಣ ಸಿಗುತ್ತದೆ. ಒಂದು ಪ್ಯಾನೆಲ್ಲಿನ ಜೋಡಣೆಯಲ್ಲಿ 100 ಆಂಪಿಯರ್ ಹರಿಯುತ್ತಿದೆ ಎನ್ನೋಣ. ಸ್ಕ್ರೂ ಬಿಗಿಯಾಗಿದ್ದು ರೋಧ 0.00005 ಓಮ್ ಇದ್ದರೆ ಅಲ್ಲಿ ಹುಟ್ಟುವ ಶಾಖ ಕೇವಲ ಅರ್ಧ ವ್ಯಾಟ್. ಸ್ಕ್ರೂ ಸಡಿಲವಾಗಿಯೋ, ಕಿಲುಬು ಹಿಡಿದೋ ರೋಧ 0.005 ಓಮಿಗೆ ಏರಿದರೆ ಶಾಖ 50 ವ್ಯಾಟ್ ಆಗುತ್ತದೆ. ಹಳೆಯ 40 ವ್ಯಾಟ್ ಬಲ್ಬಿನ ಶಾಖಕ್ಕಿಂತ ಹೆಚ್ಚಿನದು ಒಂದು ಸ್ಕ್ರೂವಿನ ತಲೆಯಷ್ಟು ಜಾಗದಲ್ಲಿ ಸೇರಿಕೊಳ್ಳುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆಯ ತಂತಿ ಸತತವಾಗಿ ತಡೆದುಕೊಳ್ಳುವುದು 70 ಡಿಗ್ರಿ ಸೆಲ್ಸಿಯಸ್ ಮಾತ್ರ. ಅದಕ್ಕಿಂತ ಹೆಚ್ಚಾದರೆ ಹೊದಿಕೆ ಗಡಸಾಗಿ, ಬಿರಿದು, ಕರಗಿ ಬೆಂಕಿಗೆ ದಾರಿಯಾಗುತ್ತದೆ.

ನಾವು ಗಮನಿಸಬೇಕಾದ ಮುಖ್ಯ ವಿಷಯ ಒಂದಿದೆ. ಫ್ಯೂಸ್ ಆಗಲಿ ಎಂಸಿಬಿ ಆಗಲಿ ನೋಡುವುದು ಕರೆಂಟ್ ಮಿತಿ ಮೀರಿತೇ ಎಂಬುದನ್ನು ಮಾತ್ರ. ಲೂಸ್ ಕನೆಕ್ಷನ್ ಇದ್ದಾಗ ಕರೆಂಟ್ ಮಿತಿಯೊಳಗೇ ಇರುತ್ತದೆ, ಜೋಡಣೆ ಮಾತ್ರ ಕಾಯುತ್ತಾ ಹೋಗುತ್ತದೆ. ಎಂಸಿಬಿ ಬೀಳುವುದಿಲ್ಲ, ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ. ಎಲ್ಲವೂ ಸರಿಯಾಗಿದೆ ಎಂದು ನಾವು ನಂಬುತ್ತೇವೆ. ಈ ಅಪಾಯವನ್ನು ಮೊದಲೇ ತಿಳಿಸಬಲ್ಲದ್ದು ಆ ಜಾಗದಿಂದ ಹೊರಡುವ ಅವಕೆಂಪು ಕಿರಣ.

ಪರೀಕ್ಷೆಗೂ ಒಂದು ಶಿಸ್ತು ಇದೆ. ಕರೆಂಟ್ ಹರಿಯದಿದ್ದರೆ ಶಾಖವಿಲ್ಲ. ಆದ್ದರಿಂದ ಕನಿಷ್ಠ ಶೇ. 40ರಷ್ಟು ಲೋಡ್ ಇರುವಾಗ ನೋಡಬೇಕು. ಲೋಡ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಮರೆಯಬಾರದು. ಸಾಮಾನ್ಯ ಗಾಜು, ಪ್ಲಾಸ್ಟಿಕ್ ಮುಚ್ಚಳಗಳ ಮೂಲಕ ಈ ಕ್ಯಾಮೆರಾ ನೋಡಲಾರದು. ಆದ್ದರಿಂದಲೇ ಅದರ ಮಸೂರವನ್ನು ಜರ್ಮೇನಿಯಂನಿಂದ ಮಾಡುತ್ತಾರೆ. ಹೊಳೆಯುವ ತಾಮ್ರದ ಪಟ್ಟಿ ಕಾದಿದ್ದರೂ ಲೆಸ್ಲಿ ತೋರಿಸಿದಂತೆ ತಣ್ಣಗಿರುವ ಹಾಗೆ ಕಂಡು ಮೋಸ ಮಾಡಬಹುದು. ಪಕ್ಕದ ಟೇಪ್ ಸುತ್ತಿದ ಅಥವಾ ಬಣ್ಣ ಬಳಿದ ಭಾಗವನ್ನು ನೋಡಿದರೆ ನಿಜ ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಹೋಲಿಕೆ. ಮೂರು ಫೇಸುಗಳಲ್ಲಿ ಸಮನಾದ ಲೋಡ್ ಇದ್ದು ಒಂದು ಜೋಡಣೆ ಮಾತ್ರ ಉಳಿದೆರಡಕ್ಕಿಂತ ಬಿಸಿಯಾಗಿದ್ದರೆ ದೋಷ ಅಲ್ಲಿದೆ. ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ನೇಟಾ ಎಂಬ ಸಂಘದ ಮಾರ್ಗಸೂಚಿಯಂತೆ ವ್ಯತ್ಯಾಸ 15 ಡಿಗ್ರಿ ಸೆಲ್ಸಿಯಸ್ ಮೀರಿದರೆ ತಡಮಾಡದೆ ದುರಸ್ತಿ ಮಾಡಬೇಕು. ಹರ್ಷೆಲ್ ಬಣ್ಣದ ಹೊರಗೆ ಉಷ್ಣಮಾಪಕವಿಟ್ಟು ಹೋಲಿಸಿ ನೋಡಿದ ಕ್ರಮವೇ ಇಲ್ಲಿಯೂ ನಡೆಯುತ್ತಿದೆ.

ಕೊನೆಯ ದಿನಗಳು

ಹರ್ಷೆಲ್ ಅವರಿಗೆ 1816ರಲ್ಲಿ ಸರ್ ಎಂಬ ಗೌರವ ಸಂದಿತು. ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. 1822ರ ಆಗಸ್ಟ್ 25ರಂದು ಸ್ಲೌ ಊರಿನ ಮನೆಯಲ್ಲಿ ನಿಧನರಾದರು. ಅವರು ಕಂಡುಹಿಡಿದ ಯುರೇನಸ್ ಸೂರ್ಯನನ್ನು ಒಂದು ಸುತ್ತು ಬರಲು 84 ವರ್ಷ ಬೇಕು. ಹರ್ಷೆಲ್ ತೀರಿಕೊಂಡಾಗ ಅವರಿಗೆ 84 ತುಂಬಲು ಮೂರು ತಿಂಗಳೂ ಉಳಿದಿರಲಿಲ್ಲ. ಕ್ಯಾರೊಲಿನ್ ಇನ್ನೂ ಬಹುಕಾಲ ಬದುಕಿ 1848ರಲ್ಲಿ 97ನೆಯ ವಯಸ್ಸಿನಲ್ಲಿ ಹುಟ್ಟೂರಾದ ಹ್ಯಾನೋವರಿನಲ್ಲಿ ಕಣ್ಣು ಮುಚ್ಚಿದರು. 2009ರಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಅವಕೆಂಪು ಕಿರಣಗಳಲ್ಲಿ ಆಕಾಶವನ್ನು ನೋಡಲು 3.5 ಮೀಟರ್ ಅಗಲದ ಕನ್ನಡಿಯ ದೂರದರ್ಶಕವನ್ನು ಹಾರಿಸಿ, ಅದಕ್ಕೆ ಹರ್ಷೆಲ್ ಎಂದು ಹೆಸರಿಟ್ಟಿತು. ಅದು 2013ರವರೆಗೆ ಕೆಲಸ ಮಾಡಿತು.

ವಿದ್ಯಾರ್ಥಿ ಮಿತ್ರರೇ, ಈ ಜೀವನದಿಂದ ಕಲಿಯುವುದು ಬಹಳ ಇದೆ. ಹರ್ಷೆಲ್ ಅವರಿಗೆ ಕಾಲೇಜಿರಲಿಲ್ಲ, ಪ್ರಯೋಗಾಲಯವಿರಲಿಲ್ಲ, ಮಾತೃಭಾಷೆಯಲ್ಲದ ನಾಡಿನಲ್ಲಿ ಬದುಕು ಕಟ್ಟಬೇಕಿತ್ತು. 35ರ ನಂತರ ಹೊಸ ವಿದ್ಯೆಯನ್ನು ಆರಂಭಿಸಿದರು, 61ರಲ್ಲಿ ಹೊಸ ಪ್ರಶ್ನೆಯನ್ನು ಕೇಳಿದರು. ಅವರ ತೀರ್ಮಾನಗಳಲ್ಲಿ ಕೆಲವು ತಪ್ಪಿದವು. ಸೂರ್ಯನ ಒಳಮೈಯಲ್ಲಿ ಜೀವಿಗಳಿರಬಹುದೆಂದೂ ಅವರು ನಂಬಿದ್ದರು. ಆದರೆ ಕಂಡದ್ದನ್ನು ಕಂಡಂತೆ ಅಳೆದು, ಬೇರೆಯವರು ಪರೀಕ್ಷಿಸಲು ಆಗುವಂತೆ ಬರೆದಿಟ್ಟದ್ದರಿಂದ ಅವರ ಅಳತೆಗಳು ಇಂದಿಗೂ ಉಪಯೋಗಕ್ಕೆ ಬರುತ್ತಿವೆ. ಪ್ರಯೋಗದ ಪುಸ್ತಕದಲ್ಲಿ ಉತ್ತರ ಮೊದಲೇ ಬರೆದು ಅಳತೆಯನ್ನು ಅದಕ್ಕೆ ಹೊಂದಿಸುವ ಅಭ್ಯಾಸ ಇರುವವರು ಇದನ್ನು ಯೋಚಿಸಬೇಕು.

ಸಂಸ್ಥೆಯ ಸದಸ್ಯರಲ್ಲಿಯೂ ಒಂದು ವಿನಂತಿ. ಶಾಲೆ, ಹಾಸ್ಟೆಲ್, ಸಭಾಭವನಗಳನ್ನು ಕಟ್ಟುವಾಗ ಹಾಕಿದ ವೈರಿಂಗ್‌ಗೆ ಮುಂದೆ ಕಂಪ್ಯೂಟರು, ಗೀಜರು, ಮೋಟಾರು, ಎ.ಸಿ. ಎಂದು ವರ್ಷ ವರ್ಷವೂ ಲೋಡ್ ಸೇರುತ್ತಾ ಹೋಗುತ್ತದೆ. ಮೇನ್ ಬೋರ್ಡಿನ ಸ್ಕ್ರೂಗಳನ್ನು ಮಾತ್ರ ಯಾರೂ ನೋಡಿರುವುದಿಲ್ಲ. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ಲೋಡ್ ಹೆಚ್ಚಿರುವ ದಿನಗಳಲ್ಲಿ, ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಥರ್ಮಲ್ ಕ್ಯಾಮೆರಾದಲ್ಲಿ ಪರೀಕ್ಷೆ ಮಾಡಿಸಬೇಕು. ಬೋರ್ಡಿನ ಮುಚ್ಚಳವನ್ನು ಅವರೇ ತೆಗೆಯಬೇಕು, ಮಕ್ಕಳಾಗಲಿ ಸಿಬ್ಬಂದಿಯಾಗಲಿ ಕೈ ಹಾಕಬಾರದು. ಪರೀಕ್ಷೆಯಲ್ಲಿ ದೋಷ ಕಂಡರೆ ಕರೆಂಟ್ ನಿಲ್ಲಿಸಿ, ಸ್ಕ್ರೂ ಬಿಗಿ ಮಾಡಿಸಿ ಅಥವಾ ಸುಟ್ಟ ಭಾಗ ಬದಲಾಯಿಸಿ, ಮತ್ತೊಮ್ಮೆ ಕ್ಯಾಮೆರಾದಲ್ಲಿ ನೋಡಿಸಬೇಕು. ಕ್ಯಾಮೆರಾ ಸಿಗದ ಕಡೆ ಸ್ವಿಚ್ಚು ಕಂದುಬಣ್ಣಕ್ಕೆ ತಿರುಗುವುದು, ಪ್ಲಗ್ಗು ಬಿಸಿಯಾಗುವುದು, ದೀಪ ಮಿನುಗುವುದು, ಪ್ಲಾಸ್ಟಿಕ್ ಸುಟ್ಟ ವಾಸನೆ ಬರುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ಎಲೆಕ್ಟ್ರಿಷಿಯನ್‌ರನ್ನು ಕರೆಸಬೇಕು. ನೂರಾರು ಮಕ್ಕಳು ಕೂತು ಓದುವ ಕಟ್ಟಡದಲ್ಲಿ ಈ ಒಂದು ದಿನದ ಕೆಲಸವನ್ನು ಮುಂದಿನ ವರ್ಷಕ್ಕೆ ಮುಂದೂಡುವುದು ಸರಿಯಲ್ಲ.